ಬೇಡವೆಂದ ಪಾಯಿಂಟ್ ಯಾರದು?

(ಮಂಡ್ಯದಲ್ಲಿ ಬಿ.ಕಾಂ. ವಿದ್ಯಾರ್ಥಿಗಳು, ಅಂಗಡಿ ನೌಕರರು ಮತ್ತು ಕೆಲವು ಮಾಲೀಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ವಿವರ ಸೇರಿಸಿದ್ದೇನೆ.)

ಕೌಂಟರಿನ ಮೇಲೆ ಸಾಮಾನಿನ ಬುಟ್ಟಿ ಇಟ್ಟ ಕೂಡಲೇ ಕೇಳಿಬರುವ ಮೊದಲ ಮಾತು, ‘ಮೊಬೈಲ್ ನಂಬರ್ ಹೇಳಿ ಸಾರ್.’ ನಂಬರ್ ಕೊಟ್ಟರೆ ಕೊಂಡ ಮೊತ್ತಕ್ಕೆ ತಕ್ಕಂತೆ ನಮ್ಮ ಹೆಸರಿಗೆ ಪಾಯಿಂಟ್ ಸೇರುತ್ತದೆ, ಮುಂದಿನ ಬಿಲ್ಲಿನಲ್ಲಿ ಅದನ್ನು ದುಡ್ಡಿನ ಹಾಗೆ ಕಳೆಯಬಹುದು. ನಮ್ಮ ಮಂಡ್ಯದ ಕಡೆಯ ಹಿರಿಯರಾದರೆ, ‘ನಂಬರ್ರೂ ಬ್ಯಾಡ, ಪಾಯಿಂಟೂ ಬ್ಯಾಡ, ಬೇಗ ಬಿಲ್ ಹಾಕವ್ವ, ಬಸ್ಸು ಹೊಂಟೋಯ್ತದೆ’ ಅಂತಾರೆ. ದುಡ್ಡು ಕೊಟ್ಟು, ಚೀಲ ಎತ್ತಿಕೊಂಡು ಹೊರಡುತ್ತಾರೆ. ಅವರ ಪಾಲಿಗೆ ವ್ಯವಹಾರ ಮುಗಿಯಿತು. ಆದರೆ ಕಂಪ್ಯೂಟರಿನಲ್ಲಿ ಸದಸ್ಯರ ನಂಬರಿನ ಖಾನೆ ಇನ್ನೂ ಖಾಲಿ ಇರುತ್ತದೆ. ಆ ಖಾನೆಗೆ ಯಾರ ನಂಬರ್ ಬೀಳುತ್ತದೆ ಎಂಬುದೇ ನನ್ನ ಇವತ್ತಿನ ವಿಷಯ.

ನನ್ನ ಕಸುಬು ಲೆಕ್ಕ ತಪಾಸಣೆ. ಮೈಸೂರು, ಮಂಡ್ಯ, ಮದ್ದೂರಿನ ದಿನಸಿ ಮಳಿಗೆ, ಬಟ್ಟೆ ಅಂಗಡಿ, ಔಷಧಿ ಅಂಗಡಿಗಳ ಪುಸ್ತಕ ನೋಡಿಕೊಂಡು ಬಂದವನು. ಗಲ್ಲಾದಿಂದ ನೋಟು ಎತ್ತಿದ ಪ್ರಕರಣಗಳಿಗಿಂತ, ಪಾಯಿಂಟ್ಸ್ ವಿಚಾರದಲ್ಲಿ ಕೆಲಸ ಕಳೆದುಕೊಂಡ ಹುಡುಗ ಹುಡುಗಿಯರ ಪ್ರಕರಣಗಳು ನನ್ನನ್ನು ಹೆಚ್ಚು ಕಾಡಿವೆ. ನೋಟು ಎತ್ತುವವರಿಗೆ ತಾವು ಮಾಡುತ್ತಿರುವುದು ಏನೆಂದು ಗೊತ್ತಿರುತ್ತದೆ. ಪಾಯಿಂಟ್ಸ್ ಎತ್ತಿಕೊಂಡವರಲ್ಲಿ ಹೆಚ್ಚಿನವರಿಗೆ ಅದು ಕಳ್ಳತನ ಎಂದೇ ಅನ್ನಿಸಿರುವುದಿಲ್ಲ. ‘ಅವರು ಬೇಡ ಅಂದ್ರು ಸಾರ್, ಸುಮ್ನೆ ಹೋಗ್ತಿತ್ತು, ನಾನು ಹಾಕ್ಕೊಂಡೆ’ ಎಂಬ ಉತ್ತರವನ್ನು ನಾನು ಬೇರೆ ಬೇರೆ ಬಾಯಿಂದ ಕೇಳಿದ್ದೇನೆ. ಹೇಳುವವರ ಮುಖದಲ್ಲಿ ನಿಜವಾದ ಆಶ್ಚರ್ಯ ಇರುತ್ತದೆ.

ಅದು ಸುಮ್ಮನೆ ಹೋಗುತ್ತಿರಲಿಲ್ಲ. ಮೈಸೂರಿನ ದೇವರಾಜ ಮಾರುಕಟ್ಟೆಯಲ್ಲಿ ಸೊಪ್ಪು ಕೊಂಡರೆ ಮಾರುವಾಕೆ ನಾಲ್ಕು ಎಳೆ ಕೊತ್ತಂಬರಿಯನ್ನೋ ಒಂದು ಗರಿ ಕರಿಬೇವನ್ನೋ ಕೊಸರು ಹಾಕುತ್ತಾಳೆ. ಕೊಂಡವರು ‘ಬೇಡಮ್ಮ, ಮನೆಯಲ್ಲಿದೆ’ ಎಂದರೆ ಅದು ಅವಳ ಬುಟ್ಟಿಗೇ ವಾಪಸ್ಸು ಬೀಳುತ್ತದೆ. ಪಕ್ಕದಲ್ಲಿ ಚೀಲ ಹಿಡಿದು ನಿಂತ ಆಳು ಅದನ್ನು ತನ್ನ ಜೇಬಿಗೆ ಹಾಕಿಕೊಳ್ಳುವುದಿಲ್ಲ. ಕೊಸರು ಕೊಡುವ ಹಕ್ಕು ಸೊಪ್ಪಿನ ಒಡತಿಯದು, ಪಡೆಯುವ ಹಕ್ಕು ಕೊಂಡವರದು. ಅಂಗಡಿಯ ಪಾಯಿಂಟ್ಸ್ ಕೂಡ ಇಷ್ಟೇ. ಗ್ರಾಹಕ ಬೇಡವೆಂದ ಕ್ಷಣದಲ್ಲಿ ಅದು ಅನಾಥ ವಸ್ತುವಾಗುವುದಿಲ್ಲ, ಅಂಗಡಿಯಲ್ಲೇ ಉಳಿಯುತ್ತದೆ.

ಈ ಪದ್ಧತಿ ಹೊಸದಲ್ಲ. ಅಮೆರಿಕದಲ್ಲಿ 1896ರಲ್ಲೇ ಸ್ಪೆರಿ ಅಂಡ್ ಹಚಿನ್ಸನ್ ಕಂಪನಿ ಹಸಿರು ಸ್ಟ್ಯಾಂಪುಗಳನ್ನು ಶುರು ಮಾಡಿತು. ಸಾಮಾನು ಕೊಂಡಷ್ಟೂ ಸ್ಟ್ಯಾಂಪು ಸಿಗುತ್ತಿತ್ತು, ಪುಸ್ತಕಕ್ಕೆ ಅಂಟಿಸಿ ತುಂಬಿಸಿದರೆ ಪಾತ್ರೆಯೋ ಪೀಠೋಪಕರಣವೋ ಬರುತ್ತಿತ್ತು. ಇಂಗ್ಲೆಂಡಿನಲ್ಲಿ ಟೆಸ್ಕೊ 1995ರಲ್ಲಿ ಕ್ಲಬ್‌ಕಾರ್ಡ್ ತಂದಿತು. ನಮ್ಮಲ್ಲಿ ಮೊದಲು ಪ್ಲಾಸ್ಟಿಕ್ ಕಾರ್ಡುಗಳು ಬಂದವು, ಆಮೇಲೆ ಕಾರ್ಡು ಹೋಗಿ ಮೊಬೈಲ್ ನಂಬರೇ ಕಾರ್ಡಾಯಿತು. ನನ್ನ ಪ್ರಕಾರ ಈ ಬದಲಾವಣೆಯೇ ಮೋಸಕ್ಕೆ ದೊಡ್ಡ ಬಾಗಿಲು ತೆರೆಯಿತು. ಕಾರ್ಡ್ ಇದ್ದ ಕಾಲದಲ್ಲಿ ಕ್ಯಾಷಿಯರ್ ತನ್ನ ಕಾರ್ಡನ್ನು ಕೌಂಟರಿನಲ್ಲೇ ಇಟ್ಟುಕೊಂಡು ಮತ್ತೆ ಮತ್ತೆ ಉಜ್ಜಬೇಕಿತ್ತು. ಅದು ಪಕ್ಕದವರ ಕಣ್ಣಿಗೆ ಬೀಳುತ್ತಿತ್ತು, ಕ್ಯಾಮೆರಾಗೂ ಕಾಣುತ್ತಿತ್ತು. ಈಗ ಹತ್ತು ಅಂಕಿ ನೆನಪಿದ್ದರೆ ಸಾಕು. ಗ್ರಾಹಕರ ನಂಬರ್ ಒತ್ತುತ್ತಿದ್ದಾಳೋ, ಅತ್ತಿಗೆಯ ನಂಬರ್ ಒತ್ತುತ್ತಿದ್ದಾಳೋ ಎದುರಿಗೆ ನಿಂತವರಿಗೆ ತಿಳಿಯುವುದಿಲ್ಲ.

ಮೋಸದ ಬಗೆಗಳನ್ನು ಹೇಳಿಬಿಡುತ್ತೇನೆ. ಇಲ್ಲಿರುವ ಮಾಲೀಕರಲ್ಲಿ ಕೆಲವರು, ‘ಹೇಳಿಕೊಟ್ಟ ಹಾಗಾಗುತ್ತೆ, ಬೇಡ’ ಎಂದರು. ಮಾಡುವವರಿಗೆ ಇದೆಲ್ಲ ಮೊದಲೇ ಗೊತ್ತು. ಗೊತ್ತಿಲ್ಲದಿರುವುದು ಗ್ರಾಹಕರಿಗೆ ಮತ್ತು ಹೊಸದಾಗಿ ಕೆಲಸಕ್ಕೆ ಸೇರಿದ ಮಕ್ಕಳಿಗೆ.

ಎಲ್ಲಕ್ಕಿಂತ ಸಾಮಾನ್ಯವಾದುದು ಆಗಲೇ ಹೇಳಿದ್ದು. ಖಾಲಿ ಖಾನೆಗೆ ತನ್ನ, ಮನೆಯವರ ಅಥವಾ ಸ್ನೇಹಿತರ ನಂಬರ್ ಹಾಕುವುದು. ಪೆಟ್ರೋಲ್ ಬಂಕುಗಳಲ್ಲೂ ಇದೇ ನಡೆಯುತ್ತದೆ. ಎರಡನೆಯದು ಇನ್ನೂ ಕೆಟ್ಟದ್ದು. ಗ್ರಾಹಕರ ಖಾತೆಯಲ್ಲೇ ಇರುವ ಪಾಯಿಂಟ್ಸನ್ನು ಅವರಿಗೆ ತಿಳಿಯದಂತೆ ಖರ್ಚು ಮಾಡುವುದು. ‘ಒಂದು ಓಟಿಪಿ ಬಂದಿರುತ್ತೆ ಅಮ್ಮ, ಹೇಳಿ’ ಎಂದು ಕೇಳುತ್ತಾರೆ. ಬಿಲ್ಲಿಗೆ ಬೇಕಾಗಿರಬಹುದು ಎಂದು ಅವರು ಹೇಳಿಬಿಡುತ್ತಾರೆ. ಪಾಯಿಂಟಿಗೆ ಒಂದು ರೂಪಾಯಿಯಂತೆ 840 ರೂಪಾಯಿ ಬಿಲ್ಲಿಗೆ 200 ಪಾಯಿಂಟ್ ಕಳೆದರೆ ಗಲ್ಲಾಕ್ಕೆ ಬರಬೇಕಾದ ನಗದು 640 ಮಾತ್ರ. ಗ್ರಾಹಕರು 840 ಕೊಟ್ಟು ಹೋಗಿರುತ್ತಾರೆ. ರಾತ್ರಿ ಗಲ್ಲಾ ಎಣಿಸಿದಾಗ ಲೆಕ್ಕ ಸರಿಯಾಗಿಯೇ ಕೂರುತ್ತದೆ, ನಡುವಿನ 200 ಮಾತ್ರ ಕ್ಯಾಷಿಯರ್ ಜೇಬಿಗೆ ಹೋಗಿರುತ್ತದೆ. ಇದು ನಡೆಯುವುದು ನಗದಿನಲ್ಲಿ. ಯುಪಿಐನಲ್ಲಿ ಕೊಟ್ಟ ಹಣ ನೇರವಾಗಿ ಅಂಗಡಿಯ ಬ್ಯಾಂಕ್ ಖಾತೆಗೆ ಹೋಗುವುದರಿಂದ ಎತ್ತಿಕೊಳ್ಳಲು ಕೈಯಲ್ಲಿ ನೋಟಿರುವುದಿಲ್ಲ. ಯುಪಿಐ ಹೆಚ್ಚಿದ ಮೇಲೆ ಕೂಡಿಟ್ಟ ಪಾಯಿಂಟ್ಸನ್ನು ಪರಿಚಯದವರ ಬಿಲ್ಲಿಗೆ ಹಚ್ಚಿ, ಅವರಿಂದ ಅರ್ಧ ದುಡ್ಡು ಪಡೆಯುವುದನ್ನು ನೋಡಿದ್ದೇನೆ. ಸದಸ್ಯರಿಗೆ ಮಾತ್ರ ಎಂದಿರುವ ಕಡಿಮೆ ಬೆಲೆಯನ್ನು ತನ್ನ ನಂಬರ್ ಹಾಕಿ ಬೇಕಾದವರಿಗೆ ಕೊಡುವುದು ಇನ್ನೊಂದು ಬಗೆ. ಅದರ ಬಗ್ಗೆ ಮುಂದೆ ಹೇಳುತ್ತೇನೆ, ಅದರಲ್ಲಿ ಒಂದು ತೊಡಕಿದೆ.

ಎಷ್ಟು ದುಡ್ಡು ಇದು? ಒಂದು ಕಲ್ಪಿತ ಲೆಕ್ಕ ಹಾಕೋಣ. ನೂರು ರೂಪಾಯಿಗೆ ಒಂದು ಪಾಯಿಂಟ್, ಪಾಯಿಂಟಿಗೆ ಒಂದು ರೂಪಾಯಿ. ಒಂದು ಕೌಂಟರಿನಲ್ಲಿ ದಿನಕ್ಕೆ 150 ಬಿಲ್, ಸರಾಸರಿ 400 ರೂಪಾಯಿ ಎಂದುಕೊಂಡರೆ 60,000 ರೂಪಾಯಿ ವ್ಯಾಪಾರ. ಕಾಲುಭಾಗ ಗ್ರಾಹಕರು ನಂಬರ್ ಕೊಡದಿದ್ದರೆ 15,000 ರೂಪಾಯಿಯ ಬಿಲ್ಲು, ಅಂದರೆ ದಿನಕ್ಕೆ 150 ಪಾಯಿಂಟ್. ತಿಂಗಳಿಗೆ 26 ದಿನ ಕೆಲಸ ಎಂದರೆ 3,900 ರೂಪಾಯಿ. ಪಾಂಡವಪುರದಿಂದ ಬಂದು ಹೋಗುವ ಹುಡುಗಿಗೆ ಅದು ಬಸ್ ಚಾರ್ಜು, ಊಟ, ತಮ್ಮನ ಟ್ಯೂಷನ್ ಫೀಜು. ಇಷ್ಟು ಹತ್ತಿರದಲ್ಲಿ, ಕೈಬೆರಳ ತುದಿಯಲ್ಲಿ ಇರುವ ಆಸೆಯನ್ನು ಪ್ರತಿದಿನ ಮೂವತ್ತೇಳು ಮೂವತ್ತೆಂಟು ಸಲ ತಡೆದುಕೊಳ್ಳುವುದು ಕಷ್ಟ. ತಡೆದುಕೊಳ್ಳುವವರು ಬಹಳ ಜನ ಇದ್ದಾರೆ. ಅವರ ಬಗ್ಗೆ ನನಗೆ ಅಪಾರ ಗೌರವ.

ವಿದ್ಯಾರ್ಥಿಗಳಿಗೆ ಒಂದು ಮಾತು, ನಿಮ್ಮ ಪಠ್ಯಕ್ಕೂ ಸಂಬಂಧಿಸಿದ್ದು. ಪಾಯಿಂಟ್ ಅಂದರೆ ಅಂಗಡಿಯ ಪುಸ್ತಕದಲ್ಲಿ ಹೊಣೆ, ಲಯಬಿಲಿಟಿ. 2018ರ ಏಪ್ರಿಲ್ 1ರಿಂದ ದೊಡ್ಡ ಕಂಪನಿಗಳಿಗೆ ಅನ್ವಯಿಸುವ ಇಂಡ್ ಎಎಸ್ 115 ಎಂಬ ಲೆಕ್ಕಪತ್ರ ಮಾನದಂಡದ ಪ್ರಕಾರ, ಪಾಯಿಂಟ್ ಕೊಟ್ಟು ಮಾರಿದಾಗ ಬಂದ ಹಣವೆಲ್ಲ ಅವತ್ತೇ ಆದಾಯವಾಗುವುದಿಲ್ಲ. ಪಾಯಿಂಟಿಗೆ ಸಲ್ಲುವ ಭಾಗವನ್ನು ಬೇರೆ ತೆಗೆದಿಟ್ಟು, ಗ್ರಾಹಕರು ಅದನ್ನು ಬಳಸಿದಾಗ ಅಥವಾ ಅದರ ಅವಧಿ ಮುಗಿದಾಗ ಆದಾಯಕ್ಕೆ ತರಬೇಕು. ಒಂದಷ್ಟು ಪಾಯಿಂಟ್ಸ್ ಎಂದೂ ಬಳಕೆಯಾಗುವುದಿಲ್ಲ ಎಂಬ ಅಂದಾಜನ್ನೂ ಇದರಲ್ಲಿ ಸೇರಿಸುತ್ತಾರೆ. ನಂಬರ್ ಕೊಡದವರ ಬಿಲ್ಲಿನಲ್ಲಿ ಈ ಹೊಣೆ ಹುಟ್ಟುವುದೇ ಇಲ್ಲ. ಕ್ಯಾಷಿಯರ್ ತನ್ನ ನಂಬರ್ ಒತ್ತಿದಾಗ ಇಲ್ಲದ ಸಾಲವೊಂದು ಅಂಗಡಿಯ ತಲೆಯ ಮೇಲೆ ಬರುತ್ತದೆ. ಮರೆತುಹೋಗುವ ಗ್ರಾಹಕರಂತೆ ಅವರು ಸುಮ್ಮನಿರುವುದೂ ಇಲ್ಲ, ಕೊನೆಯ ಪಾಯಿಂಟ್‌ವರೆಗೂ ಖರ್ಚು ಮಾಡುತ್ತಾರೆ. ‘ಯಾರಿಗೂ ನಷ್ಟವಿಲ್ಲ’ ಎಂಬ ವಾದ ಇಲ್ಲೇ ಬಿದ್ದುಹೋಗುತ್ತದೆ.

ಈಗ ಮಾಲೀಕರ ಕಡೆಗೆ ತಿರುಗುತ್ತೇನೆ. ನನ್ನ ಮುಖ್ಯವಾದ ತಕರಾರು ಇರುವುದು ಇಲ್ಲಿ.

ಬಹಳಷ್ಟು ಮಳಿಗೆಗಳಲ್ಲಿ ಕ್ಯಾಷಿಯರಿಗೆ ಟಾರ್ಗೆಟ್ ಇದೆ. ಇಷ್ಟು ಶೇಕಡಾ ಬಿಲ್ಲುಗಳಲ್ಲಿ ಮೊಬೈಲ್ ನಂಬರ್ ಇರಲೇಬೇಕು. ಬೆಳಗಿನ ಮೀಟಿಂಗಿನಲ್ಲಿ ಹಿಂದಿನ ದಿನದ ಪಟ್ಟಿ ಓದುತ್ತಾರೆ, ಕಡಿಮೆ ಬಂದವರನ್ನು ಎಲ್ಲರೆದುರು ನಿಲ್ಲಿಸಿ ಮಾತಾಡುತ್ತಾರೆ. ಗ್ರಾಹಕರು ಕೊಡುವುದಿಲ್ಲ ಎನ್ನುತ್ತಾರೆ, ಮ್ಯಾನೇಜರ್ ಬೇಕೇ ಬೇಕು ಎನ್ನುತ್ತಾರೆ. ನಡುವೆ ಸಿಕ್ಕಿಕೊಂಡ ಇಪ್ಪತ್ತು ವರ್ಷದ ಹುಡುಗಿ ಏನು ಮಾಡಬೇಕು? ಮೊದಲು ಒಂದೇ ಅಂಕಿಯನ್ನು ಹತ್ತು ಸಲ ಒತ್ತುತ್ತಾಳೆ. ಸಾಫ್ಟ್‌ವೇರ್ ಅದನ್ನು ತಡೆಯುತ್ತದೆ. ಆಮೇಲೆ ಬಾಯಿಗೆ ಬಂದ ನಂಬರ್ ಹಾಕುತ್ತಾಳೆ. ಅದು ಎಲ್ಲೋ ಯಾರದ್ದೋ ನಿಜವಾದ ನಂಬರ್, ಮೈಸೂರಿಗೆ ಬಂದೇ ಇಲ್ಲದ ಒಬ್ಬರಿಗೆ ‘ನಮ್ಮಲ್ಲಿ ಖರೀದಿಸಿದ್ದಕ್ಕೆ ಧನ್ಯವಾದ’ ಎಂಬ ಎಸ್ಸೆಮ್ಮೆಸ್ ಹೋಗುತ್ತದೆ, ಅವರು ದೂರು ಕೊಡುತ್ತಾರೆ. ಕೊನೆಗೆ ಉಳಿಯುವುದು ದೂರು ಬಾರದ ನಂಬರ್, ಅಂದರೆ ತನ್ನದೇ ನಂಬರ್. ‘ನಿನ್ನದೇ ಹಾಕಮ್ಮ, ಪರ್ಸೆಂಟೇಜ್ ಬಂದ್ರೆ ಸಾಕು’ ಎಂದು ಹಿರಿಯ ಸಿಬ್ಬಂದಿಯೇ ಹೇಳಿಕೊಟ್ಟದ್ದು ನನಗೆ ಗೊತ್ತು. ಆರು ತಿಂಗಳಾದ ಮೇಲೆ ಖಾತೆಯಲ್ಲಿ ಕೂಡಿದ ಪಾಯಿಂಟ್ಸ್ ನೋಡಿ ಆಕೆ ಒಂದು ಪ್ರೆಶರ್ ಕುಕ್ಕರ್ ಕೊಳ್ಳುತ್ತಾಳೆ. ಆಗ ಬರುತ್ತದೆ ಆಡಿಟ್, ನನ್ನಂಥವನು.

ಗ್ರಾಹಕರು ನಂಬರ್ ಕೊಡದಿರುವುದು ತಪ್ಪಲ್ಲ. 2023ರ ಮೇ ತಿಂಗಳಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಅಂಗಡಿಗಳಿಗೆ ಸೂಚನೆ ಕೊಟ್ಟಿತು. ಸೇವೆ ಕೊಡಲು ಮೊಬೈಲ್ ನಂಬರ್ ಬೇಕೇ ಬೇಕು ಎಂದು ಒತ್ತಾಯ ಮಾಡಬಾರದು, ನಂಬರ್ ಇಲ್ಲವೆಂದು ಬಿಲ್ ಹಾಕದಿರುವುದು ಅನುಚಿತ ವ್ಯಾಪಾರ ಪದ್ಧತಿ ಎಂದಿತು. ಅದೇ ವರ್ಷ ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣೆಯ ಕಾಯ್ದೆಯೂ ಬಂತು. ಕಾನೂನು ಗ್ರಾಹಕರಿಗೆ ಬೇಡವೆನ್ನುವ ಸ್ವಾತಂತ್ರ್ಯ ಕೊಟ್ಟಿರುವಾಗ, ಆ ಸ್ವಾತಂತ್ರ್ಯದ ಬೆಲೆಯನ್ನು ಕ್ಯಾಷಿಯರ್ ತಲೆಗೆ ಕಟ್ಟುವುದು ಅನ್ಯಾಯ. ಟಾರ್ಗೆಟ್ ಇಟ್ಟ ಅಂಗಡಿ, ಸುಳ್ಳು ನಂಬರ್ ಬಿದ್ದಾಗ ಬೆಚ್ಚಿಬೀಳುವ ಹಾಗಿಲ್ಲ.

ಹಿಡಿಯುವುದು ಹೇಗೆ ಎಂದು ಕೇಳುತ್ತೀರಿ. ಸುಲಭ. ಒಂದೇ ನಂಬರ್ ಒಂದೇ ದಿನ ಎಷ್ಟು ಬಿಲ್ಲಿನಲ್ಲಿದೆ, ಒಂದೇ ಕೌಂಟರಿನಲ್ಲೇ ಇದೆಯೇ, ಒಬ್ಬರ ಶಿಫ್ಟಿನಲ್ಲೇ ಬರುತ್ತದೆಯೇ, ಅವರ ವಾರದ ರಜೆಯ ದಿನ ಮಾಯವಾಗುತ್ತದೆಯೇ ಎಂಬ ಪಟ್ಟಿಯನ್ನು ಯಾವ ಬಿಲ್ಲಿಂಗ್ ಸಾಫ್ಟ್‌ವೇರಿನಿಂದಲೂ ತೆಗೆಯಬಹುದು. ಒಂದು ಮನೆಯವರು ಒಂದೇ ದಿನ ಇಪ್ಪತ್ತು ಸಲ ದಿನಸಿ ಕೊಳ್ಳುವುದಿಲ್ಲ.

ಆದರೆ ಪಟ್ಟಿಯೇ ಸಾಕ್ಷಿಯಲ್ಲ. ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ. ನಮ್ಮ ಕಡೆ ಕೂಡುಕುಟುಂಬಕ್ಕೆಲ್ಲ ಒಂದೇ ನಂಬರ್ ಇರುತ್ತದೆ. ಅತ್ತೆ, ಸೊಸೆ, ಮೈದುನ ಬೇರೆ ಬೇರೆ ಹೊತ್ತಿಗೆ ಬಂದು ಅದೇ ನಂಬರ್ ಹೇಳುತ್ತಾರೆ. ಗೃಹಪ್ರವೇಶದ ಹಿಂದಿನ ದಿನ ಒಂದೇ ಮನೆಯವರು ಹತ್ತು ಸಲ ಅಂಗಡಿಗೆ ಓಡಿಬರುತ್ತಾರೆ. ಪಿ.ಜಿ. ನಡೆಸುವವರು, ಮೆಸ್ಸಿನವರು ದಿನಕ್ಕೆ ನಾಲ್ಕು ಸಲ ಬರುತ್ತಾರೆ. ಎಣ್ಣೆ, ಸಕ್ಕರೆ ಆಫರಿನಲ್ಲಿ ‘ಒಂದು ಬಿಲ್ಲಿಗೆ ಎರಡೇ ಪ್ಯಾಕೆಟ್’ ಎಂಬ ಮಿತಿ ಇದ್ದಾಗ ಹಳ್ಳಿಯ ಚಿಲ್ಲರೆ ಅಂಗಡಿಯವರು ಆರು ಬಿಲ್ ಮಾಡಿಸಿಕೊಂಡು ಹೋಗುತ್ತಾರೆ. ಇವರೆಲ್ಲ ನಿಜವಾದ ಗ್ರಾಹಕರು, ಪಟ್ಟಿಯಲ್ಲಿ ಮಾತ್ರ ಕಳ್ಳರ ಹಾಗೆ ಕಾಣುತ್ತಾರೆ.

ಆಗ ಹೇಳಿದ ತೊಡಕು ಇದು. ಹಲಗೆಯ ಮೇಲೆ ಎರಡು ಬೆಲೆ ಬರೆದಿರುತ್ತದೆ, ಸದಸ್ಯರಿಗೊಂದು, ಉಳಿದವರಿಗೊಂದು. ಮೊಬೈಲೇ ಇಲ್ಲದ ಅಜ್ಜಿಯೊಬ್ಬರು ಹಲಗೆಯಲ್ಲಿ ಕಂಡ ಕಡಿಮೆ ಬೆಲೆಯನ್ನು ಲೆಕ್ಕ ಹಾಕಿ ಅಷ್ಟೇ ದುಡ್ಡು ತಂದಿರುತ್ತಾರೆ. ಕ್ಯಾಷಿಯರ್ ಹುಡುಗ ತನ್ನ ನಂಬರ್ ಹಾಕಿ ಅವರಿಗೆ ಆ ಬೆಲೆ ಕೊಡುತ್ತಾನೆ. ನಿಯಮದ ಪ್ರಕಾರ ಇದೂ ತಪ್ಪೇ, ಅವನ ಖಾತೆಗೆ ಪಾಯಿಂಟೂ ಬೀಳುತ್ತದೆ. ಆದರೆ ಇದನ್ನೂ ಓಟಿಪಿ ಕೇಳಿ ದುಡ್ಡು ಎತ್ತಿದ್ದನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನ್ನ ಮನಸ್ಸು ಒಪ್ಪುವುದಿಲ್ಲ. ತೂಗಬೇಡಿ ಎಂದು ನನ್ನ ವರದಿಯಲ್ಲೂ ಬರೆದಿದ್ದೇನೆ.

ಕಾನೂನು ಏನು ಹೇಳುತ್ತದೆ? 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಹಳೆಯ ಐಪಿಸಿಯಲ್ಲಿ ಚರಸ್ವತ್ತು (ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬಹುದಾದ ಸ್ವತ್ತು) ಎಂದರೆ ಮೂರ್ತ ರೂಪದ, ಅಂದರೆ ಮುಟ್ಟಿ ನೋಡಬಹುದಾದ ಸ್ವತ್ತು ಎಂದಿತ್ತು, ಹೊಸ ಸಂಹಿತೆಯ 2(21)ರಲ್ಲಿ ‘ಮೂರ್ತ’ ಎಂಬ ಷರತ್ತು ಹೋಗಿದೆ. ಕಣ್ಣಿಗೆ ಕಾಣದ ಪಾಯಿಂಟ್ ಸ್ವತ್ತೇ ಅಲ್ಲ ಎಂದು ವಾದಿಸುವುದು ಈಗ ಮೊದಲಿಗಿಂತ ಕಷ್ಟ. ಇನ್ನೊಂದು ವಿಚಾರ ನೋಡಿ. 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತು ಕದ್ದು, ಮೊದಲ ಸಲ ತಪ್ಪಿತಸ್ಥರಾಗಿ, ವಸ್ತುವನ್ನೋ ಬೆಲೆಯನ್ನೋ ಹಿಂದಿರುಗಿಸಿದವರಿಗೆ 303ನೇ ಸೆಕ್ಷನ್ ಸಮುದಾಯ ಸೇವೆಯ ಶಿಕ್ಷೆ ಹೇಳುತ್ತದೆ. ಅದೇ ನೌಕರ ತನ್ನ ಮಾಲೀಕರ ಸ್ವತ್ತು ಕದ್ದರೆ ಅದಕ್ಕೆ ಬೇರೆ ಸೆಕ್ಷನ್, 306, ಏಳು ವರ್ಷದವರೆಗೆ ಜೈಲು. ನೌಕರರ ನಂಬಿಕೆದ್ರೋಹಕ್ಕೆ 316(4), ಲೆಕ್ಕಪತ್ರ ತಿದ್ದಿದ್ದಕ್ಕೆ 344, ಇವೆರಡಕ್ಕೂ ಏಳು ವರ್ಷದವರೆಗೆ. ಬೇರೆಯವರ ಪಾಸ್‌ವರ್ಡ್ ಅಥವಾ ಗುರುತನ್ನು ಮೋಸದಿಂದ ಬಳಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ, ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಹೆದರಿಸಲು ಹೇಳುತ್ತಿಲ್ಲ. ‘ನಾಲ್ಕು ಪಾಯಿಂಟ್ ತಾನೇ’ ಎಂದುಕೊಂಡ ಮಕ್ಕಳಿಗೆ ಎದುರಿಗಿರುವ ಹೊಂಡದ ಆಳ ಗೊತ್ತಿರಬೇಕು.

ವಾಸ್ತವದಲ್ಲಿ ಪೊಲೀಸ್ ಠಾಣೆಯವರೆಗೆ ಹೋಗುವುದು ಕಡಿಮೆ. ಆಗುವುದು ಬೇರೆ. ಹಿಂದಿನ ಕೋಣೆಗೆ ಕರೆದು, ಪಟ್ಟಿ ತೋರಿಸಿ, ಬಿಳಿ ಹಾಳೆಯ ಮೇಲೆ ತಪ್ಪೊಪ್ಪಿಗೆಯನ್ನೂ ರಾಜೀನಾಮೆಯನ್ನೂ ಬರೆಸಿಕೊಳ್ಳುತ್ತಾರೆ, ಆ ತಿಂಗಳ ಸಂಬಳ ಹಿಡಿಯುತ್ತಾರೆ. ನಷ್ಟದ ಮೊತ್ತಕ್ಕಿಂತ ಹೆಚ್ಚು ಕಡಿತ ಮಾಡುವಂತಿಲ್ಲ, ಕಾರಣ ಹೇಳಿಕೊಳ್ಳಲು ಅವಕಾಶ ಕೊಡದೆ ಕಡಿತ ಮಾಡುವಂತಿಲ್ಲ ಎಂಬುದು 1936ರ ವೇತನ ಪಾವತಿ ಕಾಯ್ದೆಯ ಕಾಲದಿಂದ ಇರುವ ನಿಯಮ, 2019ರ ವೇತನ ಸಂಹಿತೆಯಲ್ಲೂ ಅದು ಉಳಿದಿದೆ. ಒಂದು ಮಳಿಗೆಯಲ್ಲಿ, ಹೆಸರು ಬೇಡ, ಹೀಗೆ ಕಳಿಸಿದ ಹುಡುಗಿಯದು ತಪ್ಪೇ ಇರಲಿಲ್ಲ. ಅವಳ ಲಾಗಿನ್ ಬಳಸಿ ಊಟದ ಹೊತ್ತಿನಲ್ಲಿ ಕೂರುತ್ತಿದ್ದವನು ಬೇರೆ. ಬಿಲ್ಲಿನ ಸಮಯವನ್ನೂ ಕ್ಯಾಮೆರಾದ ಸಮಯವನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಅದು ಬಯಲಾಯಿತು. ಅಷ್ಟರಲ್ಲಿ ಊರಲ್ಲಿ ಮಾತು ಹರಡಿತ್ತು. ವಾಪಸ್ಸು ಬನ್ನಿ ಎಂದು ಕರೆದರೂ ಅವಳು ಬರಲಿಲ್ಲ. ಆ ವಿಷಯ ಹೇಳುವಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಹಾಗಾಗಿ ಮಾಲೀಕರಲ್ಲಿ ಕೈಮುಗಿದು ಕೇಳುತ್ತೇನೆ. ನಂಬರ್ ಟಾರ್ಗೆಟ್ ತೆಗೆಯಿರಿ. ‘ಗ್ರಾಹಕರು ಕೊಡಲಿಲ್ಲ’ ಎಂಬ ಗುಂಡಿಯನ್ನು ಪರದೆಯ ಮೇಲೆ ಕೊಡಿ, ಅದನ್ನು ಒತ್ತಿದವರನ್ನು ಪ್ರಶ್ನಿಸಬೇಡಿ. ಸಿಬ್ಬಂದಿಯ ನಂಬರುಗಳು ಅವರ ಕರ್ತವ್ಯದ ವೇಳೆಯಲ್ಲಿ ಅವರದೇ ಕೌಂಟರಿನಲ್ಲಿ ಬೀಳದಂತೆ ಸಾಫ್ಟ್‌ವೇರಿನಲ್ಲೇ ತಡೆಯಿರಿ, ಅವರ ಸ್ವಂತ ಖರೀದಿಗೆ ಬೇರೆ ರಿಯಾಯಿತಿ ಕೊಡಿ. ಓಟಿಪಿ ಎಸ್ಸೆಮ್ಮೆಸ್ಸಿನಲ್ಲಿ ‘ನಿಮ್ಮ 200 ಪಾಯಿಂಟ್ ಖರ್ಚಾಗುತ್ತಿದೆ’ ಎಂದು ಕನ್ನಡದಲ್ಲಿ ಬರಲಿ. ಎಷ್ಟೋ ಗ್ರಾಹಕರು ಓಟಿಪಿ ಹೇಳಿಬಿಡುವುದು ಅದರಲ್ಲಿರುವ ಇಂಗ್ಲಿಷ್ ಓದಲಾಗದೆ. ಪಾಸ್‌ವರ್ಡ್ ಹಂಚಿಕೊಂಡು ಕೆಲಸ ಮಾಡುವ ಪದ್ಧತಿಯನ್ನು ಇವತ್ತೇ ನಿಲ್ಲಿಸಿ.

ಗ್ರಾಹಕರು ನೋಡಬೇಕಾದದ್ದು ಬಿಲ್ಲಿನ ಕೊನೆಯ ನಾಲ್ಕು ಸಾಲು. ಬಹಳಷ್ಟು ಬಿಲ್ಲುಗಳಲ್ಲಿ ಸದಸ್ಯರ ನಂಬರಿನ ಕೊನೆಯ ಅಂಕಿಗಳು, ಸೇರಿದ ಪಾಯಿಂಟ್, ಖರ್ಚಾದ ಪಾಯಿಂಟ್ ಅಚ್ಚಾಗಿರುತ್ತದೆ. ನೀವು ನಂಬರ್ ಕೊಡದೇ ಇದ್ದಾಗಲೂ ಅಲ್ಲಿ ಯಾವುದೋ ಅಂಕಿ ಇದ್ದರೆ, ‘ಇದು ಯಾರದಮ್ಮ?’ ಎಂದು ಮೆತ್ತಗೆ ಕೇಳಿ. ಕೂಗಾಡಬೇಡಿ. ಪಾಯಿಂಟ್ ನಿಮ್ಮದೇ ಕಳೆದಿದ್ದರೆ ಮ್ಯಾನೇಜರಿಗೆ ಬರವಣಿಗೆಯಲ್ಲಿ ಕೊಡಿ, ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬಿಲ್ ಬೇಡವೆಂದು ಬಿಟ್ಟುಹೋಗುವುದನ್ನು ಮಾತ್ರ ನಿಲ್ಲಿಸಿ, ಎರಡನೆಯ ಬಗೆಯ ಮೋಸ ನಡೆಯುವುದೇ ಬಿಟ್ಟುಹೋದ ಬಿಲ್ಲುಗಳ ಮೇಲೆ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ಕೇಳಿದಳು: ‘ಸಾರ್, ನಮ್ಮ ಫ್ಲೋರ್ ಮ್ಯಾನೇಜರೇ ನಿಮ್ಮ ನಂಬರ್ ಹಾಕಿ ಅಂತಾರೆ. ಹಾಕಲ್ಲ ಅಂದ್ರೆ ನಾಳೆಯಿಂದ ಬರಬೇಡ ಅಂತಾರೆ. ನಾನೇನು ಮಾಡ್ಲಿ?’

ನಾನು ಹೇಳಿದ್ದು ಇಷ್ಟು. ಇವತ್ತು ರಾತ್ರಿ ಮನೆಗೆ ಹೋದ ಮೇಲೆ ಮ್ಯಾನೇಜರಿಗೆ ಒಂದು ವಾಟ್ಸಾಪ್ ಮೆಸೇಜ್ ಕಳಿಸಮ್ಮ. ‘ಸಾರ್, ಗ್ರಾಹಕರು ನಂಬರ್ ಕೊಡದಿದ್ದಾಗ ನನ್ನ ನಂಬರ್ ಹಾಕಲು ತಾವು ಹೇಳಿದ್ದೀರಿ. ಆ ಪಾಯಿಂಟ್ಸನ್ನು ನಾನು ಬಳಸುವುದಿಲ್ಲ, ಖಾತೆಯಿಂದ ತೆಗೆಸಿ. ಇನ್ನು ಮುಂದೆ ಖಾಲಿ ಬಿಡಬಹುದೇ ತಿಳಿಸಿ.’ ಮರ್ಯಾದೆಯಿಂದ, ಇಷ್ಟೇ ಸಾಲು. ಉತ್ತರ ಬಂದರೂ ಬಾರದಿದ್ದರೂ ಅದರ ಸ್ಕ್ರೀನ್‌ಶಾಟ್ ತೆಗೆದು ಅಣ್ಣನಿಗೋ ಅಪ್ಪನಿಗೋ ಕಳಿಸಿಡು, ನಿನ್ನ ಫೋನ್ ಹಾಳಾದರೂ ಅದು ಉಳಿಯಲಿ. ಆ ಖಾತೆಯಿಂದ ಒಂದು ಪಾಯಿಂಟನ್ನೂ ಖರ್ಚು ಮಾಡಬೇಡ. ನಾಳೆ ಯಾರಾದರೂ ಪಟ್ಟಿ ಹಿಡಿದು ಬಂದರೆ, ಸಹಿ ಹಾಕುವ ಮೊದಲು ಆ ಮೆಸೇಜ್ ತೋರಿಸು.